ಗಣಕದೊಳಗಣ ಟಪಾಲು

(ಸಂಘದ ರಾಜ್ಯೋತ್ಸವ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಕವಿಗಳು ಮಾತನಾಡುವುದುಂಟು, ಪಂಡಿತರು ಮಾತನಾಡುವುದುಂಟು. ಬ್ಯಾಂಕಿನ ಗುಮಾಸ್ತರು ಬಾಯಿ ತೆರೆಯುವುದು ಸಾಮಾನ್ಯವಾಗಿ ವಾರ್ಷಿಕ ಜಮಾಖರ್ಚು ಓದುವಾಗ ಮಾತ್ರ. ಈ ಸಂಘದಲ್ಲಿ ನಾವೂ ನಾಲ್ಕು ವರ್ಷ ಅದನ್ನು ಓದಿದವರೇ. ಆ ಹೊತ್ತಿಗೆ ಸರಿಯಾಗಿ ಸಭಿಕರೆಲ್ಲ ಕಾಫಿ ಕುಡಿಯಲು ಎದ್ದುಹೋಗುತ್ತಿದ್ದುದನ್ನು ನಾವು ಮರೆತಿಲ್ಲ. ಈ ಸಲ ಕಾರ್ಯದರ್ಶಿಗಳು ಅರ್ಧ ಗಂಟೆಯ ಕಾಲ ಕೊಟ್ಟು, 'ಏನಾದರೂ ಹೊಸ ವಿಷಯ ಹೇಳಿ' ಎಂದಿದ್ದಾರೆ. ಕಾಫಿ ಇನ್ನೂ ಕುದಿದಿಲ್ಲವೆಂಬ ಧೈರ್ಯದ ಮೇಲೆ ನಿಂತಿದ್ದೇವೆ.

ವಿಷಯ ನಮಗೆ ಸಿಕ್ಕಿದ ಬಗೆಯನ್ನು ಮೊದಲು ಅರಿಕೆಮಾಡಬೇಕು. ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಧಾರವಾಡದ ಕಡೆಯ ಒಂದು ಕುಟುಂಬವಿದೆ. ಮಗ ಇಲ್ಲೇ ಪುಣೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಜಿನಿಯರ್. ತಂದೆ ರೈಲ್ವೆ ಮೇಲ್ ಸರ್ವಿಸಿನಲ್ಲಿ, ಎಂದರೆ ಹಿರಿಯರೆಲ್ಲ ಬಲ್ಲ ಆರ್.ಎಂ.ಎಸ್.ನಲ್ಲಿ, ಸಾರ್ಟರ್ ಆಗಿ ದುಡಿದು ನಿವೃತ್ತರಾದವರು. ಓಡುವ ಗಾಡಿಯಲ್ಲಿ ರಾತ್ರಿಯೆಲ್ಲ ನಿಂತು, ಊರೂರಿನ ಗೂಡಿಗೆ ಕಾಗದ ಹಾಕಿದ ಕೈ ಅವರದು. ಹೆಂಡತಿ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಮಗನ ಬಳಿಗೆ ಬಂದಿದ್ದಾರೆ. ಒಂದು ಸಂಜೆ ನಮ್ಮನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ ಹೇಳಿದರು:

'ಏನ್ರೀ, ನೀವು ಬ್ಯಾಂಕಿನವ್ರು, ನಾಕು ಮಂದಿ ಕೂಡ ಮಾತಾಡವ್ರು. ನಮ್ಮ ಹುಡುಗ ಏನ್ ಕೆಲಸ ಮಾಡ್ತಾನ, ಸ್ವಲ್ಪ ತಿಳಿಸಿ ಹೇಳ್ರಿ. ಊರಾಗ ಯಾರರ ಕೇಳಿದ್ರ ಕಂಪ್ಯೂಟರ್ ಅಂತೀನಿ, ಸುಮ್ಮನಾಗ್ತೀನಿ. ಅವನ್ನ ಕೇಳಿದ್ರ ಇಂಗ್ಲಿಷಿನಾಗ ನಾಕು ಶಬ್ದ ಹೇಳಿ, ಬಿಡ್ರಿ ಅಪ್ಪಾ, ನಿಮಗ ತಿಳಿಯೂದಿಲ್ಲ ಅಂತಾನ.'

ಆ ಕೊನೆಯ ಮಾತನ್ನು ಹೇಳುವಾಗ ರಾಯರು ನಮ್ಮ ಮುಖ ನೋಡಲಿಲ್ಲ. ಕೈಯಲ್ಲಿದ್ದ ಹಾಲಿನ ಚೀಲವನ್ನು ನೋಡಿದರು. ಮಗ ಕೆಟ್ಟವನಲ್ಲ, ಬಹಳ ಒಳ್ಳೆಯವನು. ಆದರೆ ರಾತ್ರಿ ಹನ್ನೊಂದಕ್ಕೆ ಫೋನು ಬಂದರೆ ಎದ್ದು ಕುಳಿತು ಎರಡು ಗಂಟೆಯವರೆಗೆ ಪರದೆಯ ಮುಂದಿರುವ ಮಗನು ಏನನ್ನು ಕಾಯುತ್ತಿದ್ದಾನೆಂದು ಪಕ್ಕದ ಕೋಣೆಯಲ್ಲಿ ಎಚ್ಚರವಾಗಿ ಮಲಗಿರುವ ತಂದೆಗೆ ತಿಳಿಯದಿದ್ದರೆ, ಒಂದೇ ಮನೆಯಲ್ಲಿದ್ದೂ ಇಬ್ಬರೂ ಬೇರೆ ಬೇರೆ ಊರಿನಲ್ಲಿದ್ದಂತೆ. ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಈ ಸ್ಥಿತಿ ಇದೆ ಎಂದು ನಾವು ಬಲ್ಲೆವು.

ಆ ಹುಡುಗನನ್ನು ಹಿಡಿದು ಕೂಡಿಸಿದೆವು. 'ನಿನ್ನ ಕೆಲಸವೇನಪ್ಪ?' ಎಂದರೆ, 'ಯೂಸರ್‌ಸ್ಪೇಸ್ ನೆಟ್‌ವರ್ಕ್ ಡ್ರೈವರುಗಳಿಗೆ ಕರ್ನೆಲ್ಲಿನೊಳಗಿಂದ ಆಸರೆ ಕೊಡುವುದು' ಎಂದ. ನಾವು ಬಿ.ಕಾಂ. ಓದಿದವರು, ಡೆಬಿಟ್ಟು ಕ್ರೆಡಿಟ್ಟಿನ ಆಚೆಗಿನ ಲೋಕ ನಮ್ಮದಲ್ಲ. ಆದರೂ ಆರು ಭಾನುವಾರ ಅವನ ಮುಂದೆ ಶಿಷ್ಯರಾಗಿ ಕುಳಿತೆವು. ಕೇಳಿದುದನ್ನು ನಮ್ಮ ಭಾಷೆಯಲ್ಲಿ, ನಮಗೆ ಪರಿಚಿತವಾದ ಬ್ಯಾಂಕು ಟಪಾಲುಗಳ ಹೋಲಿಕೆಯಲ್ಲಿ ಇಂದು ನಿಮ್ಮ ಮುಂದಿಡುತ್ತೇವೆ. ಸರಿಯಿದ್ದರೆ ಅವನ ಪುಣ್ಯ, ತಪ್ಪಿದ್ದರೆ ನಮ್ಮ ಪಾಲು.

ಗಣಕಯಂತ್ರವನ್ನು ಒಂದು ಬ್ಯಾಂಕಿನ ಶಾಖೆಯೆಂದು ಭಾವಿಸಿರಿ. ಕೌಂಟರಿನ ಹೊರಗೆ ಗಿರಾಕಿಗಳು. ಒಳಗೆ ಗುಮಾಸ್ತರು, ಹೆಡ್ ಕ್ಯಾಷಿಯರು, ಲೆಡ್ಜರುಗಳು, ಸ್ಟ್ರಾಂಗ್ ರೂಮು. ಗಿರಾಕಿ ಎಷ್ಟೇ ದೊಡ್ಡವನಾಗಿರಲಿ, ಕೌಂಟರನ್ನು ದಾಟಿ ಬಂದು ನೋಟಿನ ಕಟ್ಟಿಗೆ ಕೈಹಾಕುವಂತಿಲ್ಲ. ಚಲನ್ ಬರೆದು ಕೊಡಬೇಕು. ಒಳಗಿನವರು ಪರೀಕ್ಷಿಸಿ ಕೆಲಸ ಮಾಡಿ ಕೊಡುತ್ತಾರೆ. ಗಣಕದಲ್ಲಿ ಈ ಒಳಭಾಗಕ್ಕೆ ಕರ್ನೆಲ್ ಎಂದು ಹೆಸರು. ಅದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಹೊರಭಾಗಕ್ಕೆ ಯೂಸರ್‌ಸ್ಪೇಸ್ ಎಂದು ಹೆಸರು; ನಾವು ನೀವು ನಡೆಸುವ ಕಾರ್ಯಕ್ರಮಗಳೆಲ್ಲ ಅಲ್ಲಿರುತ್ತವೆ. ನಡುವಣ ಕೌಂಟರು ಬರಿಯ ಕಟ್ಟುಪಾಡಿನದಲ್ಲ. ಪ್ರೊಸೆಸರಿನ ಯಂತ್ರರಚನೆಯಲ್ಲಿಯೇ ಅದು ಇದೆ. ಹೊರಗಿನ ಕಾರ್ಯಕ್ರಮ ಇತರರ ಮೆಮೊರಿಯನ್ನು ಮುಟ್ಟಹೋದರೆ ಪ್ರೊಸೆಸರೇ ಅದನ್ನು ತಡೆದು ಕರ್ನೆಲ್ಲಿಗೆ ಒಪ್ಪಿಸುತ್ತದೆ. ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬವರು ವಿದ್ಯಾರ್ಥಿಯಾಗಿದ್ದಾಗ ೧೯೯೧ರಲ್ಲಿ ಬರೆಯತೊಡಗಿದ ಲಿನಕ್ಸ್ ಇಂತಹ ಒಂದು ಕರ್ನೆಲ್. ಇಲ್ಲಿರುವ ಆಂಡ್ರಾಯ್ಡ್ ಫೋನುಗಳಲ್ಲೆಲ್ಲ ಇರುವುದು ಅದೇ. ನಮ್ಮ ಇಂದಿನ ಕಥೆಯ ಹೆಚ್ಚಿನ ಭಾಗ ನಡೆಯುವುದೂ ಅದರಲ್ಲಿಯೇ.

ಇನ್ನು ಡ್ರೈವರ್. ಮೋಟಾರಿನ ಡ್ರೈವರನಲ್ಲ. ಗಣಕಕ್ಕೆ ಜೋಡಿಸಿದ ಒಂದೊಂದು ಉಪಕರಣಕ್ಕೂ ಅದರದೇ ಹಠ, ಅದರದೇ ಸಂಜ್ಞೆ. ಆ ಸಂಜ್ಞೆಯನ್ನು ಬಲ್ಲ ಕಾರ್ಯಕ್ರಮಕ್ಕೆ ಡ್ರೈವರ್ ಎಂದು ಹೆಸರು. ಹೊರಲೋಕದ ತಂತಿ ಬಂದು ಸೇರುವ ಉಪಕರಣ ನೆಟ್‌ವರ್ಕ್ ಕಾರ್ಡ್. ನೀವು ಕಳಿಸುವ ಪತ್ರ, ಚಿತ್ರ, ಹಣದ ಆದೇಶ ಎಲ್ಲವೂ ಚಿಕ್ಕ ಚಿಕ್ಕ ಲಕೋಟೆಗಳಾಗಿ ಈ ಕಾರ್ಡಿನ ಮೂಲಕ ಹೋಗಿ ಬರುತ್ತವೆ. ಆ ಲಕೋಟೆಗಳಿಗೆ ಪ್ಯಾಕೆಟ್ ಎನ್ನುತ್ತಾರೆ.

ಪ್ಯಾಕೆಟ್ ಬಂದಾಗ ಏನಾಗುತ್ತದೆ? ಕಾರ್ಡು ಅದನ್ನು ತಾನೇ ನೇರವಾಗಿ ಮೆಮೊರಿಯಲ್ಲಿ, ಡ್ರೈವರ್ ಮೊದಲೇ ಹೇಳಿದ್ದ ಜಾಗದಲ್ಲಿ ಇಡುತ್ತದೆ. ಪ್ರೊಸೆಸರಿನ ಕೈಯನ್ನು ಕಾಯದೆ ಉಪಕರಣವೇ ಮೆಮೊರಿಗೆ ಬರೆಯುವ ಈ ಕ್ರಮಕ್ಕೆ ಡಿ.ಎಂ.ಎ. ಎಂದು ಹೆಸರು, ಮುಂದೆ ಇದರಿಂದಲೇ ಒಂದು ದೊಡ್ಡ ಪೇಚು ಬರಲಿದೆ, ನೆನಪಿಡಿ. ಬಳಿಕ ಕಾರ್ಡು ಗಂಟೆ ಬಾರಿಸುತ್ತದೆ. ಆ ಗಂಟೆಯೇ ಇಂಟರಪ್ಟ್. ಕರ್ನೆಲ್ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಲಕೋಟೆಗೊಂದು ಚೀಟಿ ಬರೆದು, ವಿಳಾಸ ನೋಡಿ, ನಿಯಮಗಳನ್ನು ಪರೀಕ್ಷಿಸಿ, ಕೊನೆಗೆ ಒಳಗಿನದನ್ನು ನಕಲುಮಾಡಿ ಕೌಂಟರಿನ ಹೊರಗಿನ ಕಾರ್ಯಕ್ರಮಕ್ಕೆ ಕೊಡುತ್ತದೆ. ದೊಡ್ಡ ಕಚೇರಿಯ ಇನ್‌ವರ್ಡ್ ರಿಜಿಸ್ಟರಿನ ಕ್ರಮವೇ ಇದು. ಅಚ್ಚುಕಟ್ಟಾದುದು. ದಶಕಗಳ ಕಾಲ ನಡೆದುಬಂದುದು. ನಿಮ್ಮ ಮನೆಯ ಗಣಕದಲ್ಲಿ ಇಂದಿಗೂ ನಡೆಯುತ್ತಿರುವುದು.

ಹೀಗೆ ಡ್ರೈವರ್ ಒಳಗೆ, ಕರ್ನೆಲ್ಲಿನ ಕೂಡ, ಸುಖವಾಗಿದ್ದಾಗ ಅದನ್ನು ಕೌಂಟರಿನ ಹೊರಗೆ, ಯೂಸರ್‌ಸ್ಪೇಸಿಗೆ, ತರಬೇಕೆಂದು ಯಾರಿಗೆ ಏಕೆ ಅನ್ನಿಸಿತು? ಇಲ್ಲೊಂದು ಸ್ವಾರಸ್ಯವಿದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಗುಂಪಿನವರು, ಎರಡು ಬೇರೆ ಕಾರಣಗಳಿಂದ, ಒಂದೇ ಬಾಗಿಲಿಗೆ ಬಂದು ನಿಂತರು.

ಮೊದಲನೆಯವರು ಕ್ಷೇಮವನ್ನು ಬಯಸಿದವರು. ಕರ್ನೆಲ್ಲಿನ ಒಳಗೆ ಗೋಡೆಗಳಿಲ್ಲ. ಒಳಗಿನ ಒಬ್ಬ ಗುಮಾಸ್ತ ತಪ್ಪಿದರೆ ಎಲ್ಲರ ಲೆಡ್ಜರೂ ಹಾಳು. ಡ್ರೈವರುಗಳನ್ನು ಬರೆಯುವವರಾದರೋ ಸಾವಿರ ಉಪಕರಣಗಳ ಸಾವಿರ ತಯಾರಕರು. ೨೦೦೧ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಲಿನಕ್ಸಿನ ತಪ್ಪುಗಳನ್ನು ಎಣಿಸಿ ನೋಡಿದರು. ಕರ್ನೆಲ್ಲಿನ ಉಳಿದ ಭಾಗಗಳಿಗಿಂತ ಡ್ರೈವರುಗಳಲ್ಲಿ ತಪ್ಪಿನ ಪ್ರಮಾಣ ಮೂರರಿಂದ ಏಳು ಪಟ್ಟಿನವರೆಗೆ ಹೆಚ್ಚಾಗಿತ್ತು.

ಇದರ ಬಿಸಿ ನಮಗೂ ಒಮ್ಮೆ ತಟ್ಟಿದೆ. ಕೆಲವು ವರ್ಷಗಳ ಕೆಳಗೆ ನಾವಿದ್ದ ಒಂದು ಶಾಖೆಯಲ್ಲಿ, ತಿಂಗಳ ಮೊದಲ ದಿನ, ಪಿಂಚಣಿಯ ಜನ ಬಾಗಿಲವರೆಗೆ ನಿಂತಿರುವಾಗ ಮುಖ್ಯ ಯಂತ್ರ ಸ್ತಬ್ಧವಾಯಿತು. ದುರಸ್ತಿಗೆ ಬಂದವನು ಹೇಳಿದ್ದು ಇಷ್ಟೆ: ಕಾರ್ಡಿನ ಡ್ರೈವರ್ ಮುಗ್ಗರಿಸಿತು, ತನ್ನೊಡನೆ ಇಡೀ ಯಂತ್ರವನ್ನೂ ಕೆಡವಿತು. ಗಂಡನನ್ನು ಆಸ್ಪತ್ರೆಯಲ್ಲಿ ಬಿಟ್ಟುಬಂದಿದ್ದ ಒಬ್ಬ ಮುದುಕಿ ನಮ್ಮ ಕೌಂಟರಿನ ಮುಂದೆ ಮಧ್ಯಾಹ್ನ ಮೂರರವರೆಗೆ ನಿಂತಿದ್ದರು. ಹಣ ಅವರದು, ಖಾತೆಯಲ್ಲಿದೆ, ಕೊಡಲು ನಾವಿದ್ದೇವೆ, ಕೊಡುವಂತಿಲ್ಲ. ಅಂದು ನಾವು ಮುಗಿದ ಕೈ ಇಂದಿಗೂ ನಮಗೆ ಹಗುರವಾಗಿಲ್ಲ. ಒಂದು ಮೂಲೆಯ ಉಪಕರಣದ ತಪ್ಪಿಗೆ ಇಡೀ ಮನೆ ಏಕೆ ಬೀಳಬೇಕೆಂಬ ಪ್ರಶ್ನೆ ಬರಿಯ ಪಂಡಿತರ ಪ್ರಶ್ನೆಯಲ್ಲವೆಂದು ತೋರಿಸಲು ಇದನ್ನು ಹೇಳಿದೆವು.

ಆಮ್‌ಸ್ಟರ್‌ಡ್ಯಾಮಿನ ಆಂಡ್ರೂ ಟನೆನ್‌ಬಾಮ್ ಎಂಬ ಪ್ರಾಧ್ಯಾಪಕರು ಈ ಪ್ರಶ್ನೆಯನ್ನು ಬಹುಕಾಲದಿಂದ ಹಿಡಿದವರು. ಅವರ ಬಳಗ ೨೦೦೫ರಲ್ಲಿ ಹೊರತಂದ ಮಿನಿಕ್ಸ್ ೩ ಎಂಬ ವ್ಯವಸ್ಥೆಯಲ್ಲಿ ಡ್ರೈವರುಗಳೆಲ್ಲ ಕೌಂಟರಿನ ಹೊರಗೆ, ಸಾಮಾನ್ಯ ಕಾರ್ಯಕ್ರಮಗಳಂತೆ, ಇರುತ್ತವೆ. ಒಂದು ಡ್ರೈವರ್ ಸತ್ತರೆ ಅದನ್ನು ಮತ್ತೆ ಹುಟ್ಟಿಸುವ ಒಬ್ಬ ಮೇಲ್ವಿಚಾರಕನೂ ಉಂಟು. ಅವನಿಗೆ ಅವರಿಟ್ಟ ಇಂಗ್ಲಿಷ್ ಹೆಸರಿನ ಅರ್ಥ 'ಪುನರ್ಜನ್ಮದ ಸೇವಕ' ಎಂದು! ನಮ್ಮವರ ಕಲ್ಪನೆ ಎಲ್ಲೆಲ್ಲಿ ಕೆಲಸಕ್ಕೆ ಬರುತ್ತದೆ ನೋಡಿರಿ.

ಎರಡನೆಯ ಗುಂಪಿನವರು ವೇಗವನ್ನು ಬಯಸಿದವರು. ಇಲ್ಲಿ ಗುಮಾಸ್ತರಿಗೆ ಪ್ರಿಯವಾದ ಸ್ವಲ್ಪ ಲೆಕ್ಕವಿದೆ, ಸಹಿಸಿಕೊಳ್ಳಬೇಕು. ಹತ್ತು ಗಿಗಾಬಿಟ್ಟಿನ ಕಾರ್ಡು ಎಂದರೆ ಸೆಕೆಂಡಿಗೆ ಸಾವಿರ ಕೋಟಿ ಬಿಟ್ಟುಗಳನ್ನು ಸಾಗಿಸುವಂತಹುದು. ಅತ್ಯಂತ ಚಿಕ್ಕ ಪ್ಯಾಕೆಟ್ಟು ೬೪ ಬೈಟು. ತಂತಿಯ ಮೇಲೆ ಅದರ ಮುನ್ಸೂಚನೆಗೂ ಬಿಡುವಿಗೂ ೨೦ ಬೈಟು. ಒಟ್ಟು ೮೪ ಬೈಟು, ಎಂದರೆ ೬೭೨ ಬಿಟ್ಟು. ಭಾಗಿಸಿದರೆ ಸೆಕೆಂಡಿಗೆ ೧ ಕೋಟಿ ೪೮ ಲಕ್ಷಕ್ಕೂ ಮಿಕ್ಕಿದ ಪ್ಯಾಕೆಟ್ಟುಗಳು. ಒಂದೊಂದಕ್ಕೆ ದೊರೆಯುವ ಕಾಲ ೬೭ ನ್ಯಾನೊಸೆಕೆಂಡು; ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ೬೭ ಪಾಲು. ಸೆಕೆಂಡಿಗೆ ಮುನ್ನೂರು ಕೋಟಿ ಸಲ ಮಿಡಿಯುವ ಪ್ರೊಸೆಸರಿಗೆ ಇದು ಇನ್ನೂರು ಮಿಡಿತದ ಕಾಲ. ಅಷ್ಟರಲ್ಲಿ ಗಂಟೆ ಕೇಳಿ, ಚೀಟಿ ಬರೆದು, ನಕಲು ಮಾಡಿ, ಕೌಂಟರಿನ ಆಚೆ ಕೊಡುವುದೆಲ್ಲಿ ಬಂತು? ಇನ್‌ವರ್ಡ್ ರಿಜಿಸ್ಟರು ತೆರೆಯುವಷ್ಟರಲ್ಲಿ ಟಪಾಲು ಮೇಜು ತುಂಬಿ ನೆಲಕ್ಕೆ ಚೆಲ್ಲಿರುತ್ತದೆ. ಚೆಲ್ಲಿದುದು ಹೋದಂತೆಯೇ.

ಆದುದರಿಂದ ಈ ಗುಂಪಿನವರು, 'ಮಧ್ಯಸ್ಥರು ಬೇಡ. ಕಾರ್ಡನ್ನು ನಮ್ಮ ಕೈಗೇ ಕೊಡಿ' ಎಂದರು. ಇಂಟೆಲ್ ಕಂಪನಿಯಲ್ಲಿ ೨೦೧೦ರ ಹೊತ್ತಿಗೆ ಹುಟ್ಟಿದ ಡಿ.ಪಿ.ಡಿ.ಕೆ. ಎಂಬುದು ಈ ಮಾರ್ಗದ ಪ್ರಸಿದ್ಧ ಸಾಧನ. ೨೦೧೭ರಿಂದ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿದೆ. ಇದರಲ್ಲಿ ಡ್ರೈವರು ಹೊರಗಿನ ಕಾರ್ಯಕ್ರಮದ ಭಾಗವೇ ಆಗಿರುತ್ತದೆ. ಪ್ಯಾಕೆಟ್ಟಿಗಾಗಿ ಗಂಟೆಯನ್ನು ಕಾಯುವುದಿಲ್ಲ. ಒಂದು ಪ್ರೊಸೆಸರನ್ನೇ ಮೀಸಲಿಟ್ಟು, 'ಬಂತೆ? ಬಂತೆ?' ಎಂದು ಎಡೆಬಿಡದೆ ನೋಡುತ್ತಿರುತ್ತದೆ. ಓಡುವ ಗಾಡಿಯಲ್ಲಿ ಚೀಲ ಬೀಳುತ್ತಿದ್ದಂತೆಯೇ ಬಿಚ್ಚುತ್ತಿದ್ದ ನಮ್ಮ ರಾಯರ ಕ್ರಮ ಇದೇ.

ಇಲ್ಲಿಗೆ ನಾವು ವಿಷಯದ ಹೊಸ್ತಿಲಿಗೆ ಬಂದೆವು. ಡ್ರೈವರು ಹೊರಗೆ ಹೋಯಿತು. ಇನ್ನು ಕರ್ನೆಲ್ಲಿಗೇನು ಕೆಲಸ? ಗುಮಾಸ್ತನಿಲ್ಲದ ಕೌಂಟರೆ? ನಾವು ಮೊದಲು ಹಾಗೆಯೇ ತಿಳಿದಿದ್ದೆವು. ಹುಡುಗ ನಕ್ಕು, 'ನಿಮ್ಮ ಬ್ಯಾಂಕಿನಲ್ಲಿ ಲಾಕರುಗಳಿವೆಯಲ್ಲ, ಅಲ್ಲಿ ಗುಮಾಸ್ತರ ಕೆಲಸವೇನು?' ಎಂದು ಕೇಳಿದ. ಅಲ್ಲಿಂದ ಮುಂದೆ ನಮಗೆ ದಾರಿ ನಿಚ್ಚಳವಾಯಿತು.

ಲಾಕರಿನ ವಿಷಯದಲ್ಲಿ ಬ್ಯಾಂಕು ನಿಮ್ಮ ಒಡವೆಯನ್ನು ಎಣಿಸುವುದಿಲ್ಲ, ನೋಡುವುದೂ ಇಲ್ಲ. ಇಡುವವರು ನೀವು, ತೆಗೆಯುವವರು ನೀವು. ಹಾಗೆಂದು ಬ್ಯಾಂಕಿಗೆ ಕೆಲಸವಿಲ್ಲವೆ? ಉಕ್ಕಿನ ಕಪಾಟನ್ನು ಕೂಡಿಸಬೇಕು. ಗುರುತು ನೋಡಿ ಸಹಿ ಪಡೆದು ಒಳಗೆ ಬಿಡಬೇಕು. ತನ್ನ ಕೀಲಿಕೈಯನ್ನು ತಿರುಗಿಸಿದ ಮೇಲೆಯೇ ನಿಮ್ಮ ಕೀಲಿಕೈ ತಿರುಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಕೀಲಿಕೈ ಪಕ್ಕದವರ ಲಾಕರಿಗೆ ಹೊಂದಕೂಡದು. ಕೌಂಟರಿನಲ್ಲಿ ಬ್ಯಾಂಕು ಕೆಲಸವನ್ನು ತಾನೇ ಮಾಡುತ್ತದೆ. ಲಾಕರಿನಲ್ಲಿ ನಿಮಗೆ ಅಧಿಕಾರ ಕೊಟ್ಟು, ಆ ಅಧಿಕಾರದ ಎಲ್ಲೆಯನ್ನು ಕಾಯುತ್ತದೆ. ಹೊರಗಿನ ಡ್ರೈವರಿಗೆ ಕರ್ನೆಲ್ ಕೊಡುವ ಆಸರೆಯೆಂದರೆ ಇದೇ.

ಆ ಆಸರೆಗೆ ಮೂರು ಅಂಗಗಳು. ಮೊದಲನೆಯದು ಕಿಟಕಿ: ಕಾರ್ಡಿಗೆ ಆಜ್ಞೆ ಬರೆಯುವ ಸ್ಥಾನಗಳನ್ನು ಹೊರಗಿನ ಕಾರ್ಯಕ್ರಮಕ್ಕೆ ತನ್ನ ಮೆಮೊರಿಯೆಂಬಂತೆಯೇ ಕಾಣಿಸಿಕೊಡುವುದು. ಎರಡನೆಯದು ಗಂಟೆ: ಕಾರ್ಡಿನ ಇಂಟರಪ್ಟನ್ನು ಒಳಗೆ ಕೇಳಿ ಹೊರಗಿನವನಿಗೆ ತಿಳಿಸುವುದು. ಮೂರನೆಯದು ಬೇಲಿ: ಕಾರ್ಡು ಬರೆಯಬಹುದಾದ ಮೆಮೊರಿಯನ್ನು ಗೊತ್ತುಮಾಡಿ, ಅದರಾಚೆಗೆ ಕೈಚಾಚದಂತೆ ನೋಡಿಕೊಳ್ಳುವುದು.

೨೦೦೭ರ ಅಕ್ಟೋಬರಿನಲ್ಲಿ ಹೊರಬಂದ ಲಿನಕ್ಸ್ ೨.೬.೨೩ರಲ್ಲಿ ಯು.ಐ.ಓ. ಎಂಬ ಏರ್ಪಾಡು ಸೇರಿತು. ಅದು ಕಿಟಕಿಯನ್ನು ಕೊಟ್ಟಿತು, ಗಂಟೆಯನ್ನು ಕೊಟ್ಟಿತು. ಬೇಲಿಯನ್ನು ಕೊಡಲಿಲ್ಲ. ಕಾರ್ಖಾನೆಗಳ ಚಿಕ್ಕಪುಟ್ಟ ಉಪಕರಣಗಳಿಗೆ ಅದು ಸಾಕು. ಆದರೆ ನೆಟ್‌ವರ್ಕ್ ಕಾರ್ಡಿಗೆ ಡಿ.ಎಂ.ಎ. ಎಂಬ ಉದ್ದನೆಯ ಕೈ ಇದೆಯೆಂದು ಆಗಲೇ ಹೇಳಿದೆವಲ್ಲವೆ? ಪೇಚು ಬರುವುದು ಇಲ್ಲಿ.

ನೀವು ಲಾಕರು ಕೋಣೆಗೆ ಒಬ್ಬ ಕುರುಡು ಹಮಾಲನನ್ನು ಕರೆದುಕೊಂಡು ಹೋದಿರೆಂದು ಇಟ್ಟುಕೊಳ್ಳಿ. ಅವನ ಕೈ ಎಲ್ಲ ಬಾಗಿಲುಗಳ ಒಳಗೂ ತೂರುತ್ತದೆ. ನೀವು ಹೇಳಿದ ನಂಬರಿನಲ್ಲಿ ಗಂಟನ್ನು ಇಟ್ಟುಬಿಡುತ್ತಾನೆ. ನೀವು ೪೧ ಎನ್ನುವ ಬದಲು ೧೪ ಎಂದರೆ, ಪಕ್ಕದವರ ಒಡವೆಯ ಮೇಲೆ ನಿಮ್ಮ ಗಂಟು ಬೀಳುತ್ತದೆ. ನೀವು ಸಜ್ಜನರಲ್ಲದಿದ್ದರೆ ಬೇಕೆಂದೇ ೧೪ ಎನ್ನಬಹುದು. ಡ್ರೈವರನ್ನು ಕೌಂಟರಿನ ಹೊರಗೆ ನಿಲ್ಲಿಸಿ ಏನು ಪ್ರಯೋಜನವಾಯಿತು? ಅದರ ಮಾತು ಕೇಳುವ ಕಾರ್ಡು ಸ್ಟ್ರಾಂಗ್ ರೂಮಿನಲ್ಲಿಯೇ ಬರೆಯಬಲ್ಲದು. ಪ್ರೊಸೆಸರಿನ ಕಾವಲು ಕಾರ್ಯಕ್ರಮಗಳ ಮೇಲೆ ಮಾತ್ರ. ಕಾರ್ಡಿನ ಕೈಯನ್ನು ಅದು ತಡೆಯುವುದಿಲ್ಲ. ಬೇಲಿಯಿಲ್ಲದೆ ಹೊರಗಿಟ್ಟ ನೆಟ್‌ವರ್ಕ್ ಡ್ರೈವರು ಹೆಸರಿಗೆ ಹೊರಗು; ಅಧಿಕಾರದಲ್ಲಿ ಒಳಗೇ.

ಇದಕ್ಕೆ ಯಂತ್ರರಚನೆಯಲ್ಲಿಯೇ ಪರಿಹಾರ ಬೇಕಾಯಿತು. ಐ.ಓ.ಎಂ.ಎಂ.ಯು. ಎಂಬ ಭಾಗ ಉಪಕರಣಕ್ಕೂ ಮೆಮೊರಿಗೂ ನಡುವೆ ನಿಂತು, ಪ್ರತಿಯೊಂದು ಬರಹದ ವಿಳಾಸವನ್ನೂ ಒಂದು ಪಟ್ಟಿಯೊಡನೆ ತಾಳೆ ನೋಡುತ್ತದೆ. ಪಟ್ಟಿಯಲ್ಲಿಲ್ಲದ ವಿಳಾಸವಾದರೆ ಕೈಯನ್ನು ತಡೆಯುತ್ತದೆ. ಪಟ್ಟಿಯನ್ನು ಬರೆಯುವ ಅಧಿಕಾರ ಕರ್ನೆಲ್ಲಿನದು ಮಾತ್ರ. ೨೦೧೦ರಲ್ಲಿ ಎಂ.ಐ.ಟಿ.ಯ ಇಬ್ಬರು ಸಂಶೋಧಕರು ಇದನ್ನು ಬಳಸಿ, ಲಿನಕ್ಸಿನ ಡ್ರೈವರುಗಳನ್ನು ತಿದ್ದದೆ ಇದ್ದ ಹಾಗೆಯೇ ಹೊರಗೆ ನಡೆಸಿ ತೋರಿಸಿದರು. ಡ್ರೈವರು ದುರುದ್ದೇಶದ್ದಾದರೂ ಉಳಿದ ಯಂತ್ರಕ್ಕೆ ಕೇಡಾಗಕೂಡದೆಂಬುದು ಅವರ ಪಣ. ಅದಕ್ಕಾಗಿ ಅವರು ಕರ್ನೆಲ್ಲಿನಲ್ಲಿ ಸೇರಿಸಿದ್ದು ಸುಮಾರು ೪,೦೦೦ ಸಾಲುಗಳು ಮಾತ್ರ. ಒಂದು ಗಿಗಾಬಿಟ್ಟಿನ ಕಾರ್ಡು ತನ್ನ ಪೂರ್ಣ ವೇಗದಲ್ಲಿಯೇ ಓಡಿತು. ಪ್ರೊಸೆಸರಿಗೆ ಮಾತ್ರ ಸ್ವಲ್ಪ ಹೆಚ್ಚಿನ ದುಡಿಮೆಯಾಯಿತು. ೨೦೧೨ರ ಸೆಪ್ಟೆಂಬರಿನಲ್ಲಿ ಬಂದ ಲಿನಕ್ಸ್ ೩.೬ರಲ್ಲಿ ವಿ.ಎಫ್.ಐ.ಓ. ಎಂಬ ಏರ್ಪಾಡು ಸೇರಿತು. ಕಿಟಕಿ, ಗಂಟೆ, ಬೇಲಿ ಮೂರೂ ಅದರಲ್ಲಿವೆ. ಒಂದರ ಕೈ ಇನ್ನೊಂದಕ್ಕೆ ತಾಗದಂತೆ ಬೇರ್ಪಡಿಸಲಾರದ ಉಪಕರಣಗಳನ್ನು ಒಂದೇ ಗುಂಪೆಂದು ಹಿಡಿದು, ಕೊಟ್ಟರೆ ಗುಂಪನ್ನೇ ಒಬ್ಬರ ಕೈಗೆ ಕೊಡುತ್ತದೆ. ಜಂಟಿ ಲಾಕರಿನ ಒಂದು ಕೀಲಿಕೈಯನ್ನು ಅಪರಿಚಿತನಿಗೆ ಕೊಡುವುದುಂಟೆ?

ಹೀಗೆ ಬೇಲಿ ಬಂದ ಮೇಲೆ ಎಲ್ಲವೂ ಸುಖಾಂತವೆ? ಜಮಾದ ಎದುರಿಗೆ ಖರ್ಚನ್ನೂ ಬರೆಯಬೇಕು. ಕಾರ್ಡನ್ನು ಪೂರಾ ಹೊರಗೆ ಕೊಟ್ಟ ಮೇಲೆ ಅದರಲ್ಲಿ ಬರುವ ಹೋಗುವ ಪ್ಯಾಕೆಟ್ಟು ಕರ್ನೆಲ್ಲಿನ ಕಣ್ಣಿಗೆ ಬೀಳುವುದಿಲ್ಲ. ಕರ್ನೆಲ್ಲಿನಲ್ಲಿದ್ದ ತಡೆ ನಿಯಮಗಳು, ಲೆಕ್ಕ ಹಿಡಿಯುವ ಉಪಾಯಗಳು, ಹಲವು ಕಾರ್ಯಕ್ರಮಗಳಿಗೆ ಒಂದೇ ಕಾರ್ಡನ್ನು ಹಂಚುವ ಏರ್ಪಾಡು, ಎಲ್ಲವನ್ನೂ ಹೊರಗಿನವನು ಮತ್ತೆ ತಾನೇ ಕಟ್ಟಿಕೊಳ್ಳಬೇಕು. ಕಾದು ಕುಳಿತ ಪ್ರೊಸೆಸರಾದರೋ ಪ್ಯಾಕೆಟ್ಟು ಬರಲಿ ಬಿಡಲಿ ಉರಿಯುತ್ತಲೇ ಇರುತ್ತದೆ. ಗಿರಾಕಿಯಿಲ್ಲದ ಅಂಗಡಿಯಲ್ಲಿ ಪೆಟ್ರೊಮ್ಯಾಕ್ಸ್ ಹೊತ್ತಿಸಿಟ್ಟಂತೆ.

ಅದಕ್ಕಾಗಿ ಒಂದು ನಡುದಾರಿಯೂ ಹುಟ್ಟಿತು. ಅಂಚೆಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಬಾಡಿಗೆಗೆ ಪಡೆಯುವುದನ್ನು ನೀವು ಬಲ್ಲಿರಿ. ವಿಂಗಡಿಸುವವರು ಕಚೇರಿಯವರೇ, ಆದರೆ ಕಾಗದವನ್ನು ನೇರವಾಗಿ ನಿಮ್ಮ ಪೆಟ್ಟಿಗೆಗೆ ಹಾಕುತ್ತಾರೆ, ನೀವು ನಿಮ್ಮ ಕೀಲಿಕೈಯಿಂದ ತೆಗೆದುಕೊಳ್ಳುತ್ತೀರಿ. ಇಟಲಿಯ ಪೀಸಾ ವಿಶ್ವವಿದ್ಯಾನಿಲಯದ ಲೂಯಿಜಿ ರಿಝೊ ಎಂಬವರು ನೆಟ್‌ಮ್ಯಾಪ್ ಎಂಬುದನ್ನು ಹೀಗೆ ರಚಿಸಿ, ಸೆಕೆಂಡಿಗೆ ತೊಂಬತ್ತು ಕೋಟಿ ಸಲ ಮಾತ್ರ ಮಿಡಿಯುವ ಒಂದೇ ಪ್ರೊಸೆಸರಿನಿಂದ ಆ ೧ ಕೋಟಿ ೪೮ ಲಕ್ಷ ಪ್ಯಾಕೆಟ್ಟುಗಳನ್ನು ಸಾಗಿಸಿದರು. ೨೦೧೨ರಲ್ಲಿ ಅದನ್ನು ಪ್ರಕಟಿಸಿದರು. ಕಾರ್ಡಿನ ಆಜ್ಞಾಸ್ಥಾನಗಳು ಕರ್ನೆಲ್ಲಿನ ಕೈಯಲ್ಲಿಯೇ ಉಳಿದುವು, ಪ್ಯಾಕೆಟ್ಟುಗಳಿರುವ ಮೆಮೊರಿಯನ್ನು ಮಾತ್ರ ಇಬ್ಬರೂ ಹಂಚಿಕೊಂಡರು, ನಕಲು ತಪ್ಪಿತು. ಲಿನಕ್ಸಿನಲ್ಲಿ ೨೦೧೮ರ ಆಗಸ್ಟಿನಲ್ಲಿ ೪.೧೮ರೊಡನೆ ಬಂದ ಎ.ಎಫ್. ಎಕ್ಸ್.ಡಿ.ಪಿ. ಎಂಬುದೂ ಇದೇ ಜಾತಿಯದು. ಡ್ರೈವರು ಒಳಗೇ ಇರುತ್ತದೆ; ಅದರ ಫಲ ಹೊರಗಿನವನ ಪೆಟ್ಟಿಗೆಗೆ ನೇರವಾಗಿ ಬೀಳುತ್ತದೆ.

ಕೌಂಟರು, ಲಾಕರು, ಪೋಸ್ಟ್ ಬಾಕ್ಸು: ಮೂರು ದಾರಿಗಳು. ಯಾವುದು ಒಳ್ಳೆಯದೆಂದು ಕೇಳಿದರೆ ಯಾವುದಕ್ಕೆಂದು ತಿರುಗಿ ಕೇಳಬೇಕಾಗುತ್ತದೆ. ಆದರೆ ಮೂರರಲ್ಲಿಯೂ ಒಂದು ಸಂಗತಿ ಸಮಾನವಾಗಿದೆ. ಹೊರಗಿನವರಿಗೆ ಅಧಿಕಾರ ಹೆಚ್ಚಿದಷ್ಟೂ ಒಳಗಿನವನ ಕೈಕೆಲಸ ಕಡಮೆಯಾಗುತ್ತದೆ, ಹೊಣೆ ಕಡಮೆಯಾಗುವುದಿಲ್ಲ. ಎಲ್ಲವನ್ನೂ ತಾನೇ ಮಾಡುವ ಕರ್ನೆಲ್ಲಿಗಿಂತ, ಕೊಟ್ಟು ಕಾಯುವ ಕರ್ನೆಲ್ಲನ್ನು ಬರೆಯುವುದು ಕಷ್ಟ. ಕೊಡುವುದು ಸುಲಭ, ಕೊಟ್ಟುದನ್ನು ಎಲ್ಲಿಯವರೆಗೆ ಕೊಟ್ಟೆವೆಂದು ಗೊತ್ತಿರುವುದು, ಬೇಕಾದಾಗ ಹಿಂದಕ್ಕೆ ಪಡೆಯಬಲ್ಲೆವೆಂಬ ಭರವಸೆಯಿರುವುದು ಕಷ್ಟ. ಬ್ಯಾಂಕಿನಲ್ಲಿಯೂ ಹೀಗೆಯೇ. ಸಂಸಾರದಲ್ಲಿಯೂ ಹೀಗೆಯೇ ಇರಬಹುದು. ಅದನ್ನು ನಮಗಿಂತ ಹಿರಿಯರು ಹೇಳಬೇಕು.

ಇಷ್ಟನ್ನು ನಾವು ಕಲಿತ ಮೇಲೆ, ಕಳೆದ ತಿಂಗಳ ಒಂದು ಭಾನುವಾರ, ಮೂರನೆಯ ಮಹಡಿಗೆ ಹೋಗಿ ರಾಯರಿಗೆ ಪಾಠ ಒಪ್ಪಿಸಿದೆವು. ಮಗ ಒಂದು ಮೂಲೆಯಲ್ಲಿ ಫೋನು ನೋಡುತ್ತ ಕುಳಿತಿದ್ದ. ರಾಯರು ಕಣ್ಣು ಮುಚ್ಚಿ ಪೂರ್ತಿಯಾಗಿ ಕೇಳಿದರು. ನಿದ್ದೆಯೇ ಬಂತೇನೋ ಎಂದು ನಾವು ಶಂಕಿಸುವಷ್ಟರಲ್ಲಿ ಕಣ್ಣು ತೆರೆದು ಒಂದು ಪ್ರಶ್ನೆ ಹಾಕಿದರು:

'ಅಲ್ರೀ, ಎಲ್ಲಾ ಖರೇ. ಸಾರ್ಟರಗ ಗಾಡ್ಯಾಗ ನಡುವ ಏನರ ಆತು ಅಂತ ತಿಳೀರಿ. ಚೀಲ ಬೀಳೂದು ಅಂತೂ ನಿಲ್ಲೂದಿಲ್ಲ. ಬಿದ್ದ ಚೀಲ ಯಾರ ಹೊಣಿ?'

ನಮಗೆ ಉತ್ತರ ತೋಚಲಿಲ್ಲ. ಆದರೆ ಮೂಲೆಯಲ್ಲಿ ಫೋನು ಕೆಳಗಿಳಿಯಿತು. ಮಗ ಎದ್ದು ಬಂದು ತಂದೆಯ ಮುಂದೆ ಕುಳಿತ. 'ಅಪ್ಪಾ, ಅದ ನೋಡ್ರಿ ನಾ ಮಾಡೂ ಕೆಲಸ' ಎಂದ.

ಆಮೇಲೆ ಅವನು ಹೇಳಿದ್ದು ಇದು. ಹೊರಗಿನ ಡ್ರೈವರು ಹಠಾತ್ತಾಗಿ ಸಾಯಬಹುದು. ಕಾರ್ಡಿಗೆ ಅದು ತಿಳಿಯದು. ಹೇಳಿದ್ದ ಜಾಗಕ್ಕೆ ಪ್ಯಾಕೆಟ್ಟು ಬರೆಯುತ್ತಲೇ ಇರುತ್ತದೆ. ಸತ್ತವನ ಮೆಮೊರಿಯನ್ನು ಕರ್ನೆಲ್ ಕೂಡಲೆ ಬೇರೆಯವರಿಗೆ ಹಂಚಿಬಿಟ್ಟರೆ, ಹೊಸಬನ ಲೆಕ್ಕದ ಮೇಲೆ ಹಳೆಯ ಟಪಾಲು ಬಿದ್ದು ಎಲ್ಲ ಅಳಿಸಿಹೋಗುತ್ತದೆ. ಆದುದರಿಂದ ಮೊದಲು ಕಾರ್ಡಿನ ಕೈಯನ್ನು ನಿಲ್ಲಿಸಬೇಕು. ಬಳಿಕ ಬೇಲಿಯ ಪಟ್ಟಿಯಿಂದ ಆ ಜಾಗವನ್ನು ತೆಗೆಯಬೇಕು. ಅದಾದ ಮೇಲೆಯೇ ಮೆಮೊರಿಯನ್ನು ಬಿಡುಗಡೆ ಮಾಡಬೇಕು. ಈ ಕ್ರಮ ಒಂದು ಹೆಜ್ಜೆ ತಪ್ಪಿದರೆ ಯಂತ್ರ ಬೀಳುತ್ತದೆ. ಅದೂ ಎಲ್ಲೋ, ಯಾವಾಗಲೋ, ಕಾರಣ ತಿಳಿಯದಂತೆ. ರಾತ್ರಿ ಹನ್ನೊಂದರ ಫೋನು ಬರುವುದು ಅದಕ್ಕಾಗಿ.

'ನಡುವ ಬಿದ್ದ ಟಪಾಲು?' ಎಂದು ರಾಯರು ಬಿಡದೆ ಕೇಳಿದರು.

'ಅದು ಹೋತು, ಅಪ್ಪಾ. ರಜಿಸ್ಟರ್ ಟಪಾಲು ಇದ್ದಂಗ ಒಂದು ಪದ್ಧತಿ ಐತಿ, ಟಿ.ಸಿ.ಪಿ. ಅಂತ. ಮುಟ್ಟಿದ್ದಕ್ಕ ಉತ್ತರ ಬರಲಿಲ್ಲ ಅಂದ್ರ ಕಳಿಸಿದಾವ ಮತ್ತ ಕಳಸ್ತಾನ. ಸಾದಾ ಟಪಾಲು ಹೋದ್ರ ಹೋತು.'

ರಾಯರು ತಲೆದೂಗಿದರು. ತಮ್ಮ ಕಾಲದಲ್ಲಿ ರಜಿಸ್ಟರ್ ಚೀಲ ಕೈ ಬದಲಾಗುವಾಗ ಇಬ್ಬರೂ ಸಹಿ ಮಾಡಬೇಕಾಗಿದ್ದುದನ್ನು, ಒಂದು ಮಳೆಗಾಲದ ರಾತ್ರಿ ಸಹಿಯಿಲ್ಲದೆ ಚೀಲ ಕೊಡೆನೆಂದು ಗಾಡಿಯನ್ನೇ ಐದು ನಿಮಿಷ ನಿಲ್ಲಿಸಿಕೊಂಡುದನ್ನು ಹೇಳತೊಡಗಿದರು. ಮಗ ಬಾಯಿಬಿಟ್ಟು ಕೇಳುತ್ತಿದ್ದ. ಆ ಕಥೆಯನ್ನು ಅವನೂ ಅಲ್ಲಿಯವರೆಗೆ ಕೇಳಿರಲಿಲ್ಲವಂತೆ. ನಮ್ಮ ಕೆಲಸ ಮುಗಿದಿತ್ತು; ನಾವು ಮೆಲ್ಲನೆ ಚಪ್ಪಲಿ ಮೆಟ್ಟಿ ಕೆಳಗಿಳಿದು ಬಂದೆವು.

ಬಂಧುಗಳೆ, ಮೂವತ್ತು ನಲವತ್ತು ವರ್ಷ ದುಡಿದ ಹಿರಿಯರಿಗೆ ಹೊಣೆ, ಕ್ರಮ, ಕಾವಲು ಎಂಬುವು ಹೊಸ ವಿಷಯಗಳಲ್ಲ. ಅವರಿಗೆ ಹೊಸದು ಹೆಸರುಗಳು ಮಾತ್ರ. 'ನಿಮಗೆ ತಿಳಿಯುವುದಿಲ್ಲ' ಎಂದು ಮಕ್ಕಳು ಹೇಳುವುದು ಬಹುಮಟ್ಟಿಗೆ, 'ನನಗೆ ಕನ್ನಡದಲ್ಲಿ ಹೇಳಲು ಬರುವುದಿಲ್ಲ' ಎಂಬುದರ ಇನ್ನೊಂದು ರೂಪ. ಇಲ್ಲಿರುವ ತರುಣ ತರುಣಿಯರಲ್ಲಿ ನಮ್ಮದೊಂದೇ ವಿಜ್ಞಾಪನೆ. ಈ ನವೆಂಬರ್ ಮುಗಿಯುವುದರೊಳಗೆ ಒಂದು ಸಂಜೆ, ನೀವು ಮಾಡುವ ಕೆಲಸವನ್ನು ನಿಮ್ಮ ಮನೆಯ ಹಿರಿಯರಿಗೆ ಮನೆಯ ಮಾತಿನಲ್ಲಿ ಹೇಳಿರಿ. ಇಂಗ್ಲಿಷ್ ಶಬ್ದ ಬಂದರೆ ಬರಲಿ, ಸಂಕೋಚ ಬೇಡ. ನಾವೂ ಇಂದು ಎಷ್ಟೋ ಬಳಸಿದ್ದೇವೆ. ಅವರು ಕೇಳುವ ಮೊದಲನೆಯ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿದೆಯೇ ನೋಡಿಕೊಳ್ಳಿರಿ.

ಕಾಫಿಯ ಪರಿಮಳ ಬರುತ್ತಿದೆ. ಎದ್ದುಹೋಗದೆ ಕೇಳಿದಿರಿ, ಗುಮಾಸ್ತರಿಗೆ ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ.